ಕರ್ನಲ್ ಮೊದಲು, ಉಳಿದದ್ದು ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮನ್ನು ಸೋರ್ಸ್‌ನಿಂದ, ಅಂದರೆ ಅದರ ಮೂಲ ಕೋಡಿನಿಂದ, ಕಂಪೈಲ್ ಮಾಡಿ ಅಪ್‌ಗ್ರೇಡ್ ಮಾಡುವುದು ಹೇಗೆ ಅಂತ. ಕರ್ನಲ್ ಎಂದರೆ ಆ ಸಿಸ್ಟಮ್ಮಿನ ತಿರುಳು, ಹಾರ್ಡ್‌ವೇರನ್ನು ನಡೆಸುವ ಭಾಗ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ.

ಪ್ರಶ್ನೆ: ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮಾಸ್ಟ್ರು. ಲ್ಯಾಬಿನಲ್ಲಿ ಒಂದು ಸರ್ವರ್ ಇದೆ. ಮಕ್ಕಳ ಕೆಲಸ, ಊರಿನ ತಾಳಮದ್ದಳೆಯ ರೆಕಾರ್ಡಿಂಗ್, ಸ್ಕ್ಯಾನ್ ಮಾಡಿದ ಹಳೆಯ ಕೈಬರಹದ ಪತ್ರಿಕೆಗಳು, ಎಲ್ಲ ಅದರಲ್ಲೇ. ಫ್ರೀಬಿಎಸ್‌ಡಿ 13 ಇದೆ. ಅದನ್ನು ಹಾಕಿಕೊಟ್ಟವರು ವರ್ಗವಾಗಿ ಹೋದರು. ಹೋಗುವಾಗ, ಕರ್ನಲ್ ನಾನೇ ಕಂಪೈಲ್ ಮಾಡಿದ್ದು, ಅಪ್‌ಗ್ರೇಡನ್ನೂ ಸೋರ್ಸ್‌ನಿಂದಲೇ ಮಾಡಬೇಕು ಅಂದಿದ್ದರು. ನನಗೆ ಧೈರ್ಯ ಬರುತ್ತಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ. ಅರ್ಧದಲ್ಲಿ ನಿಂತರೆ ಎಲ್ಲ ಹೋಯಿತು ಅಲ್ವಾ?

ಉತ್ತರ: ಮಾಸ್ಟ್ರೇ, ಹೆದರಬೇಕಾದ್ದೇ. ಯಾವಾಗ ಹೆದರಬೇಕು ಎಂದು ಗೊತ್ತಿದ್ದರೆ ಮಾತ್ರ ಕೆಲಸ ಸುಲಭ.

ಮೊದಲು ಒಂದು ವಿಷಯ ನೋಡಿ. ಯುನೇಮ್ ಕಮಾಂಡಿಗೆ ಮೈನಸ್ ಐ ಸೇರಿಸಿ ಒತ್ತಿ. ಜೆನೆರಿಕ್ ಎಂದು ಬಂದರೆ ಅದು ಫ್ರೀಬಿಎಸ್‌ಡಿಯವರ ಮಾಮೂಲಿ ಕರ್ನಲ್ ಕಾನ್ಫಿಗ್, ಅಂದರೆ ಕರ್ನಲ್ ಒಳಗೆ ಏನೇನು ಇರಬೇಕು ಎಂಬ ಪಟ್ಟಿ. ಬೇರೆ ಹೆಸರು ಬಂದರೆ ಆ ಹೆಸರಿನ ಕಾನ್ಫಿಗ್ ಫೈಲ್ ಸೋರ್ಸ್ ಒಳಗೆ ಕರ್ನಲ್‌ನ ಕಾನ್ಫ್ ಫೋಲ್ಡರಿನಲ್ಲಿ ಇರುತ್ತದೆ. ಅದನ್ನು ಜೆನೆರಿಕ್ ಜೊತೆ ಡಿಫ್ ಹಾಕಿ ಎರಡರ ವ್ಯತ್ಯಾಸ ನೋಡಿ. ಎಷ್ಟೋ ಸಲ ಯಾವುದೋ ಹಳೆಯ ಕಾರ್ಡಿಗಾಗಿ ಸೇರಿಸಿದ ಎರಡು ಸಾಲು ಮಾತ್ರ ಇರುತ್ತದೆ, ಆ ಕಾರ್ಡ್ ಯಾವತ್ತೋ ಕೆಟ್ಟು ಹೋಗಿರುತ್ತದೆ. ಹಾಗಿದ್ದರೆ ಜೆನೆರಿಕ್‌ಗೇ ಬನ್ನಿ. ಇವತ್ತಿನ ಮೆಷಿನ್ನುಗಳಲ್ಲಿ ಸ್ವಂತ ಕರ್ನಲ್ ಬೇಕಾಗುವುದು ತುಂಬ ಕಡಿಮೆ. ಮುಂದೆ ಫ್ರೀಬಿಎಸ್‌ಡಿ-ಅಪ್‌ಡೇಟ್ ಎಂಬ ಕಮಾಂಡಿನಿಂದ ರೆಡಿಮೇಡ್ ಅಪ್‌ಡೇಟ್ ತರಿಸಿಕೊಳ್ಳಬಹುದು. ನಿಮ್ಮ ನಂತರ ಬರುವ ಮಾಸ್ಟ್ರಿಗೂ ಅದೇ ಒಳ್ಳೆಯದು.

ನಿಜವಾಗಿಯೂ ಸೋರ್ಸೇ ಬೇಕು ಎಂದಾದರೆ ಮುಂದೆ ಓದಿ. ಹೇಗೂ ಸುಮ್ಮನೆ ಕೂರುವ ಹಾಗಿಲ್ಲ, 13ರ ಶಾಖೆಯ ಬೆಂಬಲಕ್ಕೆ 2026ರ ಏಪ್ರಿಲ್ 30 ಕೊನೆಯ ದಿನ. 14ಕ್ಕೆ 2028ರ ನವೆಂಬರ್ 30ರವರೆಗೆ ಇದೆ. ನಿಮ್ಮದು 13.0, 13.1ರಂಥ ಹಳೆಯದಾದರೆ ಮೊದಲು 13ರ ಕೊನೆಯದಾದ 13.5ಕ್ಕೆ ಬನ್ನಿ, ಆಮೇಲೆ 14ಕ್ಕೆ ಹೋಗಿ. ಗಿಟ್ ಎಂಬ ಟೂಲಿನಿಂದ ಸೋರ್ಸ್ ಇಳಿಸುವಾಗ ರಿಲೀಸ್ ಶಾಖೆಯನ್ನೇ ಆರಿಸಿ. ಸ್ಟೇಬಲ್ ಎಂಬ ಹೆಸರು ನೋಡಿ ಅದನ್ನು ತೆಗೆದುಕೊಳ್ಳಬೇಡಿ. ಅದು ಮುಂದಿನ ರಿಲೀಸಿಗಾಗಿ ಕೆಲಸ ನಡೆಯುತ್ತಿರುವ ಶಾಖೆ. ಶಾಲೆಯ ಸರ್ವರಿಗೆ ಬೇಡ.

ಈಗ ಕರೆಂಟಿನ ವಿಷಯ. ಈ ಕೆಲಸದಲ್ಲಿ ಎರಡು ಭಾಗ ಇದೆ, ಕಟ್ಟುವುದು ಮತ್ತು ಹಾಕುವುದು. ಮೇಕ್ ಬಿಲ್ಡ್‌ವರ್ಲ್ಡ್ ಎಂದರೆ ಯೂಸರ್‌ಲ್ಯಾಂಡ್ ಪೂರ್ತಿ ಕಟ್ಟುವುದು. ಎಲ್‌ಎಸ್‌ನಂಥ ಚಿಕ್ಕ ಕಮಾಂಡಿನಿಂದ ಹಿಡಿದು ಲೈಬ್ರರಿ, ಕಂಪೈಲರ್‌ವರೆಗೆ. ಮೇಕ್ ಬಿಲ್ಡ್‌ಕರ್ನಲ್ ಎಂದರೆ ಕರ್ನಲ್ ಕಟ್ಟುವುದು. ಇವೆರಡಕ್ಕೆ ಹಳೆಯ ಮೆಷಿನ್ನಿನಲ್ಲಿ ಹಲವು ಗಂಟೆ ಬೇಕು. ಆದರೆ ಕಟ್ಟಿದ್ದೆಲ್ಲ ಹೋಗಿ ಕೂರುವುದು ಓಬಿಜೆ ಎಂಬ ಬೇರೆ ಫೋಲ್ಡರಿನಲ್ಲಿ, ಓಡುತ್ತಿರುವ ಸಿಸ್ಟಮ್ಮಿನ ಒಂದು ಫೈಲನ್ನೂ ಅದು ಮುಟ್ಟುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಹೋಗಲಿ. ಬಂದ ಮೇಲೆ ಓಬಿಜೆ ಒಳಗಿದ್ದದ್ದನ್ನೆಲ್ಲ ಅಳಿಸಿ ಮೊದಲಿಂದ ಕಟ್ಟಿ. ಅಳಿಸದೆಯೂ ಮುಂದುವರಿಸಬಹುದು, ಆದರೆ ಅರ್ಧ ಬರೆದ ಫೈಲು ಒಂದು ಉಳಿದುಕೊಂಡರೂ ಆಮೇಲೆ ತಲೆನೋವು. ನಾನಂತೂ ಅಳಿಸುತ್ತೇನೆ.

ಹೆದರಬೇಕಾದ್ದು ಹಾಕುವಾಗ. ಮೇಕ್ ಇನ್‌ಸ್ಟಾಲ್‌ವರ್ಲ್ಡ್ ಬೇಗ ಮುಗಿಯುತ್ತದೆ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಅದು ಒಂದೊಂದೇ ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಇಡುತ್ತಾ ಹೋಗುತ್ತದೆ. ಆಗ ಕರೆಂಟ್ ಹೋದರೆ ಲೈಬ್ರರಿ ಅರ್ಧ ಹೊಸದು, ಕಮಾಂಡುಗಳು ಅರ್ಧ ಹಳೆಯವು. ನನಗೆ ಇದು ಆಗಿದೆ. ಪೆರ್ಲದ ಮನೆಯಲ್ಲಿ, ಆಟಿ ತಿಂಗಳಲ್ಲಿ. ತೆಂಗಿನ ಮಡಲು ಲೈನಿನ ಮೇಲೆ ಬಿತ್ತು. ಯುಪಿಎಸ್ ಇದೆಯಲ್ಲ ಎಂದು ನಾನು ಧೈರ್ಯದಲ್ಲಿದ್ದೆ, ಬ್ಯಾಟರಿಗೆ ವಯಸ್ಸಾಗಿತ್ತು, ಎರಡೇ ನಿಮಿಷ ಬಂತು. ಮೆಷಿನ್ ಮತ್ತೆ ಏಳಲಿಲ್ಲ. ಡೇಟಾ ಬೇರೆ ಡಿಸ್ಕಿನಲ್ಲಿತ್ತು, ಹಾಗಾಗಿ ಉಳಿಯಿತು. ಆದರೆ ಎಷ್ಟೋ ವರ್ಷ ಕೂತು ತಿದ್ದಿದ ಸೆಟ್ಟಿಂಗ್‌ಗಳ ಕಾಪಿ ಇರಲಿಲ್ಲ. ಅದನ್ನೆಲ್ಲ ಮತ್ತೆ ನೆನಪು ಮಾಡಿ ಬರೆಯಲು ಎರಡು ದಿನ ಹಿಡಿಯಿತು. ನಿಮ್ಮ ಮಕ್ಕಳ ಕೆಲಸಕ್ಕೆ ಹಾಗಾಗುವುದು ಬೇಡ. ಆದ್ದರಿಂದ ಮೊದಲು ಬ್ಯಾಕಪ್, ಸರ್ವರಿನಿಂದ ಹೊರಗೆ ಒಂದು ಡಿಸ್ಕಿಗೆ, ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಸಮೇತ. ಆಮೇಲೆ ಯುಪಿಎಸ್‌ನ ಪ್ಲಗ್ ಕಿತ್ತು ಎಷ್ಟು ನಿಮಿಷ ಬರುತ್ತದೆ ಎಂದು ಗಡಿಯಾರ ನೋಡಿ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಡಿಸ್ಕಿನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಆಗಿದ್ದರೆ. ಝಡ್‌ಪೂಲ್ ಲಿಸ್ಟ್ ಎಂದು ಕೊಟ್ಟರೆ ಗೊತ್ತಾಗುತ್ತದೆ. ಅದರಲ್ಲಿ ಬೂಟ್ ಎನ್ವಿರಾನ್‌ಮೆಂಟ್ ಎಂಬುದಿದೆ. ಬಿಇಸಿಟಿಎಲ್ ಕ್ರಿಯೇಟ್ ಎಂದು ಒಂದು ಹೆಸರು ಕೊಟ್ಟರೆ ಈಗಿನ ಸಿಸ್ಟಮ್ಮಿನದ್ದೇ ಒಂದು ಪ್ರತಿ ಕ್ಷಣದಲ್ಲಿ ತಯಾರಾಗುತ್ತದೆ, ಜಾಗವೂ ಹೆಚ್ಚು ಹಿಡಿಯುವುದಿಲ್ಲ. ಆ ಪ್ರತಿಯನ್ನು ಬಿಇಸಿಟಿಎಲ್ ಮೌಂಟ್‌ನಿಂದ ಎಂಎನ್‌ಟಿ ಫೋಲ್ಡರಿನಲ್ಲಿ ತೆರೆದು, ಇನ್‌ಸ್ಟಾಲ್‌ಕರ್ನಲ್, ಇನ್‌ಸ್ಟಾಲ್‌ವರ್ಲ್ಡ್ ಎರಡಕ್ಕೂ ಡೆಸ್ಟ್‌ಡಿರ್ ಎಂದು ಆ ಫೋಲ್ಡರನ್ನೇ ತೋರಿಸಿ. ಹೊಸದೆಲ್ಲ ಆ ಪ್ರತಿಯೊಳಗೆ ಹೋಗುತ್ತದೆ. ಓಡುತ್ತಿರುವ ಸಿಸ್ಟಮ್ ಹಾಗೇ ಇರುತ್ತದೆ. ಕರೆಂಟ್ ಹೋದರೂ ಹಾಳಾಗುವುದು ಪ್ರತಿ ಮಾತ್ರ, ಅದನ್ನು ಎಸೆದು ಇನ್ನೊಂದು ಮಾಡಿಕೊಳ್ಳಬಹುದು. ಮುಗಿದ ಮೇಲೆ ಆ ಪ್ರತಿಯಿಂದ ಬೂಟ್ ಮಾಡುವ ಕಮಾಂಡ್ ಈ ಕಂತಿನ ಕೊನೆಯ ಉತ್ತರದಲ್ಲಿದೆ. ಅಡಿಕೆ ಕೊಯ್ಯುವವರು ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದನ್ನು ನೀವು ನೋಡಿದ್ದೀರಿ, ಆಚೆ ಮರ ಕೈಗೆ ಸಿಕ್ಕಿ ಗಟ್ಟಿಯಾದ ಮೇಲೆಯೇ ಈಚೆಯದನ್ನು ಬಿಡುತ್ತಾರೆ. ಹಾಗೆ. ಸೋರ್ಸ್‌ನ ಟೂಲ್ಸ್ ಫೋಲ್ಡರಿನಲ್ಲಿ ಬಿಇಇನ್‌ಸ್ಟಾಲ್ ಎಂಬ ಸ್ಕ್ರಿಪ್ಟ್ ಇದನ್ನೆಲ್ಲ ತಾನೇ ಮಾಡುತ್ತದೆ, ಆದರೆ ಮೊದಲ ಸಲ ಕೈಯಿಂದಲೇ ಮಾಡಿ, ಏನಾಗುತ್ತಿದೆ ಎಂದು ಅರ್ಥವಾಗಲಿ.

ಫೈಲ್ ಸಿಸ್ಟಮ್ ಯುಎಫ್‌ಎಸ್ ಆಗಿದ್ದರೆ ಹಳೆಯ ಕ್ರಮ. ಬಿಲ್ಡ್‌ವರ್ಲ್ಡ್, ಬಿಲ್ಡ್‌ಕರ್ನಲ್, ಇನ್‌ಸ್ಟಾಲ್‌ಕರ್ನಲ್. ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ ಸಿಂಗಲ್ ಯೂಸರ್ ಆರಿಸಿ, ಬೇರೆ ಸರ್ವೀಸುಗಳು ಏಳದ ಸ್ಥಿತಿ ಅದು. ಡಿಸ್ಕುಗಳನ್ನು ಬರೆಯುವಂತೆ ಮೌಂಟ್ ಮಾಡಿ. ಮೆಷಿನ್ನಿನ ಗಡಿಯಾರ ನಮ್ಮ ಟೈಮಿಗೇ ಇಟ್ಟಿದ್ದರೆ ಅಡ್ಜ್‌ಕರ್ನ್‌ಟಿಜೆಡ್ ಮೈನಸ್ ಐ ಕೊಡಿ. ಇಲ್ಲದಿದ್ದರೆ ಸಿಂಗಲ್ ಯೂಸರ್‌ನಲ್ಲಿ ಟೈಮ್ ಐದೂವರೆ ಗಂಟೆ ಮುಂದೆ ಓಡುತ್ತದೆ, ಮೇಕ್ ಕೆಲಸ ಮಾಡುವುದೇ ಫೈಲುಗಳ ಟೈಮ್ ನೋಡಿ, ಅದಕ್ಕೆ ಗೊಂದಲವಾಗುತ್ತದೆ. ಆಮೇಲೆ ಇಟಿಸಿಅಪ್‌ಡೇಟ್ ಮೈನಸ್ ಪಿ, ಇನ್‌ಸ್ಟಾಲ್‌ವರ್ಲ್ಡ್, ಇಟಿಸಿಅಪ್‌ಡೇಟ್ ಮೈನಸ್ ದೊಡ್ಡ ಬಿ. ಇಟಿಸಿಅಪ್‌ಡೇಟ್ ಅಂದರೆ ನಿಮ್ಮ ಇಟಿಸಿಯ ಸೆಟ್ಟಿಂಗ್ ಫೈಲುಗಳನ್ನು ಹೊಸ ವರ್ಷನ್ನಿನವುಗಳ ಜೊತೆ ಸೇರಿಸಿ ಹೊಂದಿಸುವ ಕಮಾಂಡ್. ಮೈನಸ್ ಪಿ ಬಿಡಬೇಡಿ ಮಾಸ್ಟ್ರೇ. ಹೊಸ ಸಿಸ್ಟಮ್ಮಿಗೆ ಬೇಕಾದ ಹೊಸ ಯೂಸರ್, ಗ್ರೂಪ್‌ಗಳನ್ನು ಅದು ಮೊದಲೇ ಸೇರಿಸುತ್ತದೆ. ಅವು ಇಲ್ಲದಿದ್ದರೆ ಇನ್‌ಸ್ಟಾಲ್‌ವರ್ಲ್ಡ್ ನಿಂತುಬಿಡಬಹುದು. ಇಟಿಸಿಅಪ್‌ಡೇಟ್ ಎಲ್ಲಾದರೂ ಕಾನ್ಫ್ಲಿಕ್ಟ್, ಅಂದರೆ ನಿಮ್ಮದೂ ಹೊಸದೂ ಹೊಂದುತ್ತಿಲ್ಲ, ಎಂದು ಹೇಳಿದರೆ ಆ ಫೈಲನ್ನು ತೆರೆದು ಓದಿ. ಅದರಲ್ಲೂ ಪಾಸ್‌ವರ್ಡ್ ಫೈಲ್ ಮತ್ತು ಗ್ರೂಪ್ ಫೈಲ್. ಅಲ್ಲಿ ಕಣ್ಣು ಮುಚ್ಚಿ ಹೊಸದನ್ನು ಒಪ್ಪಿಕೊಂಡರೆ ನಿಮ್ಮ ಶಾಲೆಯ ಎಲ್ಲ ಲಾಗಿನ್ನುಗಳೂ ಹೋಗುತ್ತವೆ.

ಇದಕ್ಕೆಲ್ಲ ಮೊದಲು ಸೋರ್ಸ್ ಒಳಗಿನ ಅಪ್‌ಡೇಟಿಂಗ್ ಎಂಬ ಫೈಲ್ ಓದಿ. ಪೂರ್ತಿ ಬೇಡ, ನಿಮ್ಮ ಈಗಿನ ಸಿಸ್ಟಮ್ಮಿನ ತಾರೀಕಿನಿಂದ ಮೇಲಕ್ಕೆ ಓದಿದರೆ ಸಾಕು. ಯಾವುದು ತೆಗೆದರು, ಯಾವುದಕ್ಕೆ ಬೇರೆ ಕ್ರಮ ಬೇಕು ಎಂದು ಮಾಡಿದವರೇ ಅಲ್ಲಿ ಬರೆದಿಟ್ಟಿದ್ದಾರೆ.

ಪ್ರಶ್ನೆ: ಸ್ವಂತ ಕರ್ನಲ್ ಕಟ್ಟಿ ಹಾಕಿದೆ. ಬೂಟ್ ಆಯಿತು, ಆದರೆ ನೆಟ್‌ವರ್ಕ್ ಕಾರ್ಡ್ ಕಾಣಿಸಲಿಲ್ಲ. ಕಾನ್ಫಿಗ್ ತಿದ್ದಿ ಎರಡನೇ ಸಲ ಹಾಕಿದೆ. ಈಗ ಬೂಟ್ ಆಗುವಾಗಲೇ ಪ್ಯಾನಿಕ್, ಕರ್ನಲ್ಲೇ ಕುಸಿದು ನಿಲ್ಲುತ್ತದೆ. ಕರ್ನಲ್ ಡಾಟ್ ಓಲ್ಡ್ ಆರಿಸಿದರೆ ನೆಟ್‌ವರ್ಕ್ ಇಲ್ಲದ್ದು ಬರುತ್ತದೆ. ಮೊದಲಿದ್ದ ಒಳ್ಳೆಯ ಕರ್ನಲ್ ಎಲ್ಲಿ ಹೋಯಿತು? (ಮುಳ್ಳೇರಿಯದಿಂದ ಒಬ್ಬ ಓದುಗರು)

ಉತ್ತರ: ಅಳಿಸಿ ಹೋಯಿತು. ಬೇಜಾರಿನ ವಿಷಯ, ಆದರೆ ಸರಿ ಮಾಡಬಹುದು.

ಇನ್‌ಸ್ಟಾಲ್‌ಕರ್ನಲ್ ಮಾಡುವಾಗ, ಆಗ ಓಡುತ್ತಿರುವ ಕರ್ನಲನ್ನು ಅದು ಕರ್ನಲ್ ಡಾಟ್ ಓಲ್ಡ್ ಎಂದು ಎತ್ತಿಡುತ್ತದೆ. ಮೊದಲೇ ಅಲ್ಲಿ ಒಂದು ಓಲ್ಡ್ ಇದ್ದರೆ ಅದನ್ನು ಅಳಿಸುತ್ತದೆ. ನೀವು ಮೊದಲ ಸಲ ಹಾಕಿದಾಗ ಒಳ್ಳೆಯದು ಓಲ್ಡ್ ಆಯಿತು. ಎರಡನೇ ಸಲ ಹಾಕುವಾಗ ಓಡುತ್ತಿದ್ದದ್ದು ನೆಟ್‌ವರ್ಕ್ ಇಲ್ಲದ್ದು, ಅದೇ ಓಲ್ಡ್ ಆಯಿತು, ಒಳ್ಳೆಯದು ಹೋಯಿತು. ಅದಕ್ಕೇ ಓಲ್ಡ್ ಇದೆ ಎಂದು ನಂಬಿ ಕೂರಬಾರದು. ಇನ್ನು ಮುಂದೆ ಕೈ ಹಾಕುವ ಮೊದಲು ಬೂಟ್ ಒಳಗಿನ ಕರ್ನಲ್ ಫೋಲ್ಡರನ್ನು ಪೂರ್ತಿ ಕರ್ನಲ್ ಡಾಟ್ ಗುಡ್ ಎಂದು ಕಾಪಿ ಮಾಡಿಡಿ. ಆ ಹೆಸರನ್ನು ಯಾವ ಮೇಕ್ ಕೂಡ ಮುಟ್ಟುವುದಿಲ್ಲ. ಬೂಟ್ ಮೆನುವಿನಿಂದ ಹೊರಬಂದು ಅನ್‌ಲೋಡ್ ಕೊಟ್ಟು, ಬೂಟ್ ಕರ್ನಲ್ ಡಾಟ್ ಗುಡ್ ಎಂದರೆ ಅದೇ ಏಳುತ್ತದೆ. ಹೊಸದನ್ನು ಸುಮ್ನೆ ಪರೀಕ್ಷೆ ಮಾಡಬೇಕೆಂದಿದ್ದರೆ ಇನ್‌ಸ್ಟಾಲ್‌ಕರ್ನಲ್‌ಗೆ ಕೆಓಡಿರ್ ಎಂದು ಬೇರೆ ಫೋಲ್ಡರಿನ ಹೆಸರು ಕೊಡಬಹುದು, ಆಗ ಇದ್ದದ್ದು ಇದ್ದಲ್ಲೇ ಉಳಿಯುತ್ತದೆ.

ಈಗ ಹೊರಬರುವುದು ಹೇಗೆ? ಓಲ್ಡ್ ಬೂಟ್ ಆಗುತ್ತದಲ್ಲ, ಅದರಲ್ಲೇ ಒಳಗೆ ಹೋಗಿ. ಕಾರ್ಡ್ ರಿಯಲ್‌ಟೆಕ್‌ನದ್ದಾದರೆ ಕೆಎಲ್‌ಡಿಲೋಡ್ ಐಎಫ್ ಅಂಡರ್‌ಸ್ಕೋರ್ ಆರ್‌ಇ ಎಂದು ಕೊಟ್ಟು ನೋಡಿ. ಕರ್ನಲ್ ಒಳಗೆ ಡ್ರೈವರ್ ಇಲ್ಲದಿದ್ದರೂ ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡಾಗಿ, ಸಾಮಾನ್ಯವಾಗಿ ಪಕ್ಕದಲ್ಲೇ ಇರುತ್ತದೆ. ನೆಟ್‌ವರ್ಕ್ ಬಂದರೆ ಜೆನೆರಿಕ್ ಕಟ್ಟಿ ಹಾಕಿ. ನಿಮ್ಮ ಕಾನ್ಫಿಗ್ ನೋಡದೆಯೇ ನನಗನ್ನಿಸುವುದು, ಜೆನೆರಿಕ್‌ನ ಕಾಪಿ ಮಾಡಿ ಬೇಡವೆಂದು ಕಂಡ ಸಾಲುಗಳನ್ನೆಲ್ಲ ತೆಗೆದಿದ್ದೀರಿ. ಒಂದು ಡಿವೈಸ್ ಇನ್ನೊಂದನ್ನು ನಂಬಿಕೊಂಡಿರುತ್ತದೆ, ಆ ರಿಯಲ್‌ಟೆಕ್ ಡ್ರೈವರಿಗೇ ಎಂಐಐಬಸ್ ಬೇಕು. ಹಾಗೆ ಮಾಡುವ ಬದಲು ನಿಮ್ಮ ಫೈಲಿನಲ್ಲಿ ಮೊದಲು ಇನ್‌ಕ್ಲೂಡ್ ಜೆನೆರಿಕ್ ಎಂದು ಒಂದು ಸಾಲು, ಐಡೆಂಟ್ ಎಂದು ನಿಮ್ಮ ಹೆಸರಿನ ಒಂದು ಸಾಲು, ಆಮೇಲೆ ಬೇಕಾದ್ದು ಸೇರಿಸಿ, ಬೇಡದ್ದಕ್ಕೆ ನೋಡಿವೈಸ್ ಬರೆಯಿರಿ. ಫೈಲ್ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಜೆನೆರಿಕ್ ಬದಲಾದರೂ ನಿಮ್ಮದು ತಾನಾಗಿ ಹೊಂದಿಕೊಳ್ಳುತ್ತದೆ.

ಪ್ಯಾನಿಕ್ ಬಗ್ಗೆ ಇನ್ನೊಂದು ಮಾತು. ಗ್ರಾಫಿಕ್ಸಿಗೆ ಡಿಆರ್‌ಎಂ ಮಾಡ್ಯೂಲನ್ನು ಪ್ಯಾಕೇಜಿನಿಂದ ಹಾಕಿಕೊಂಡಿದ್ದೀರಾ? ಅದು ಹಳೆಯ ಕರ್ನಲ್‌ಗೆಂದು ಕಟ್ಟಿದ್ದು. ಹೊಸ ಕರ್ನಲ್ ಒಳಗೆ ಹೋದರೆ ಇಡೀ ಮೆಷಿನ್ನನ್ನೇ ಬೀಳಿಸಬಹುದು. ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಕೆಎಲ್‌ಡಿ ಲಿಸ್ಟ್ ಎಂಬ ಸಾಲಿನಿಂದ ಅದು ಲೋಡ್ ಆಗುತ್ತಿದ್ದರೆ, ಸಿಂಗಲ್ ಯೂಸರ್‌ನಲ್ಲಿ ಬೂಟ್ ಮಾಡಿದಾಗ ಪ್ಯಾನಿಕ್ ಬರುವುದಿಲ್ಲ. ಬರಲಿಲ್ಲ ಎಂದಾದರೆ ಕರ್ನಲ್ ಸರಿಯಾಗಿದೆ, ತಪ್ಪು ಮಾಡ್ಯೂಲಿನದ್ದು ಎಂದು ಅರ್ಥ. ಆ ಸಾಲಿಗೆ ಹ್ಯಾಶ್ ಹಾಕಿ, ಬೂಟ್ ಮಾಡಿ, ಮಾಡ್ಯೂಲನ್ನು ಹೊಸದಾಗಿ ಕಟ್ಟಿ. ಅಪ್‌ಗ್ರೇಡ್ ಮಾಡುವ ಹಿಂದಿನ ದಿನವೇ ಈ ಸಾಲನ್ನು ಮುಚ್ಚಿಡುವುದು ನನ್ನ ಅಭ್ಯಾಸ.

ಪ್ರಶ್ನೆ: ಇನ್‌ಸ್ಟಾಲ್‌ವರ್ಲ್ಡ್ ಮೊದಲು ಮಾಡಿಬಿಟ್ಟೆ, ಕರ್ನಲ್ ಆಮೇಲೆ ಹಾಕುವಾ ಎಂದುಕೊಂಡೆ. ಈಗ ಎಷ್ಟೋ ಕಮಾಂಡುಗಳು ಬ್ಯಾಡ್ ಸಿಸ್ಟಮ್ ಕಾಲ್ ಎಂದು ಸಾಯುತ್ತವೆ. ಕ್ರಮ ಅಷ್ಟು ಮುಖ್ಯವಾ? (ಕಾಸರಗೋಡು ಪೇಟೆಯಿಂದ)

ಉತ್ತರ: ಹೌದು, ಇಲ್ಲಿ ಕ್ರಮವೇ ಮುಖ್ಯ. ಯೂಸರ್‌ಲ್ಯಾಂಡಿನ ಪ್ರತಿ ಕಮಾಂಡೂ ಫೈಲ್ ತೆರೆಯಲು, ಮೆಮೊರಿ ಪಡೆಯಲು ಕರ್ನಲನ್ನು ಕೇಳಬೇಕು. ಹಾಗೆ ಕೇಳುವುದೇ ಸಿಸ್ಟಮ್ ಕಾಲ್. ಒಂದೊಂದಕ್ಕೂ ಒಂದು ನಂಬರ್ ಇದೆ. ಹೊಸ ಕರ್ನಲ್‌ಗೆ ಹಳೆಯ ನಂಬರುಗಳೂ ಗೊತ್ತು, ಹಿಂದಿನ ವರ್ಷನ್ನುಗಳಿಗಾಗಿ ಕಂಪ್ಯಾಟ್ ಎಂಬ ಭಾಗಗಳನ್ನು ಜೆನೆರಿಕ್‌ನಲ್ಲಿ ಬೇಕೆಂದೇ ಇಟ್ಟಿದ್ದಾರೆ. ಹಾಗಾಗಿ ಹೊಸ ಕರ್ನಲ್ ಮೇಲೆ ಹಳೆಯ ಕಮಾಂಡುಗಳು ಓಡುತ್ತವೆ. ಆದರೆ ಹೊಸದಾಗಿ ಸೇರಿದ ನಂಬರು ಹಳೆಯ ಕರ್ನಲ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲ. ಹೊಸ ಕಮಾಂಡ್ ಅದನ್ನು ಕೇಳಿದ ಕೂಡಲೇ ಕರ್ನಲ್ ಆ ಕಮಾಂಡನ್ನೇ ಕೊಲ್ಲುತ್ತದೆ. ನಿಮಗೆ ಕಾಣುವ ಸಂದೇಶ ಅದೇ.

ಈ ಸ್ಥಿತಿಯಲ್ಲಿ ಮೇಕ್ ಓಡಿಸಲು ಹೋಗಬೇಡಿ. ರೆಸ್ಕ್ಯೂ ಫೋಲ್ಡರಿನ ಕಮಾಂಡುಗಳೂ ಹೊಸದಾಗಿರುತ್ತವೆ, ಅವೂ ಸಾಯಬಹುದು. ಅಪ್‌ಗ್ರೇಡ್ ಮಾಡಹೊರಟ ಅದೇ ವರ್ಷನ್ನಿನ ಇನ್‌ಸ್ಟಾಲರ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಅದರಿಂದ ಬೂಟ್ ಮಾಡಿ ಶೆಲ್ ಆರಿಸಿ, ನಿಮ್ಮ ಡಿಸ್ಕನ್ನು ಎಂಎನ್‌ಟಿಯಲ್ಲಿ ಮೌಂಟ್ ಮಾಡಿ. ಪೆನ್‌ಡ್ರೈವಿನ ಫ್ರೀಬಿಎಸ್‌ಡಿ-ಡಿಸ್ಟ್ ಫೋಲ್ಡರಿನಲ್ಲಿ ಕರ್ನಲ್ ಡಾಟ್ ಟಿಎಕ್ಸ್‌ಜೆಡ್ ಇದೆ. ಎಂಎನ್‌ಟಿಯಲ್ಲಿರುವ ಹಳೆಯ ಕರ್ನಲ್ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಟಾರ್‌ನಿಂದ ಹೊಸದನ್ನು ಅಲ್ಲಿ ಬಿಡಿಸಿ. ರೀಬೂಟ್ ಮಾಡಿದರೆ ಕರ್ನಲ್ ಮತ್ತು ಯೂಸರ್‌ಲ್ಯಾಂಡ್ ಜೊತೆಯಾಗುತ್ತವೆ. ಬಾಕಿ ಇಟಿಸಿಅಪ್‌ಡೇಟ್ ಆಮೇಲೆ ಮುಗಿಸಿ. ಮೊದಲೇ ಬೂಟ್ ಎನ್ವಿರಾನ್‌ಮೆಂಟ್ ಮಾಡಿಟ್ಟಿದ್ದರೆ ಇದು ಯಾವುದೂ ಬೇಡ, ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರೆ ಆಯಿತು.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ, ಮನೆ ತಲಪಾಡಿ. ಹಳೆಯ ಡೆಸ್ಕ್‌ಟಾಪಿನಲ್ಲಿ ಬಿಲ್ಡ್‌ವರ್ಲ್ಡ್ ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಬೇರೆ ಬೇರೆ ಕಡೆ ಸಿಗ್ನಲ್ 11 ಎಂದು ನಿಂತಿತು. ಸೋರ್ಸ್ ಹಾಳಾಗಿದೆಯಾ?

ಉತ್ತರ: ಇಲ್ಲಮ್ಮ, ಸೋರ್ಸ್ ಹಾಳಾಗಿದ್ದರೆ ಪ್ರತಿ ಸಲ ಒಂದೇ ಕಡೆ ನಿಲ್ಲುತ್ತಿತ್ತು. ಬೇರೆ ಬೇರೆ ಕಡೆ ನಿಲ್ಲುತ್ತದೆ ಎಂದರೆ ಹಾರ್ಡ್‌ವೇರಿನ ಮೇಲೆ ಅನುಮಾನ ಪಡಬೇಕು, ಮೊದಲು ರ‍್ಯಾಮ್, ಆಮೇಲೆ ಬಿಸಿ. ಇಡೀ ಸಿಸ್ಟಮ್ ಕಂಪೈಲ್ ಮಾಡುವುದು ಮೆಷಿನ್ನಿಗೆ ತುಂಬ ಹೊತ್ತಿನ ದುಡಿಮೆ, ಬೇರೆ ಸಮಯದಲ್ಲಿ ಅಡಗಿರುವ ದೋಷ ಆಗ ಹೊರಬರುತ್ತದೆ. ಡಬ್ಬ ಬಿಚ್ಚಿ ಫ್ಯಾನಿನ ಧೂಳು ತೆಗೆ. ಕಡಲ ಹತ್ತಿರದ ಗಾಳಿಗೆ ರ‍್ಯಾಮಿನ ಕಾಲುಗಳಲ್ಲಿ ಕಿಲುಬು ಬರುವುದೂ ಇದೆ, ಕಳಚಿ ರಬ್ಬರಿನಿಂದ ಮೆಲ್ಲ ಉಜ್ಜಿ ಮತ್ತೆ ಕೂರಿಸು. ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಓಡಿಸು. ಒಂದೇ ಒಂದು ತಪ್ಪು ಕಂಡರೂ ಆ ರ‍್ಯಾಮ್ ಕಡ್ಡಿ ಬದಲಿಸಬೇಕು, ಅಂಥ ಮೆಷಿನ್ನಿನಲ್ಲಿ ಕಟ್ಟಿದ್ದನ್ನು ಯಾವ ಕಾರಣಕ್ಕೂ ಇನ್‌ಸ್ಟಾಲ್ ಮಾಡಬೇಡ.

ಸಿಗ್ನಲ್ 11 ಬದಲು ಕಿಲ್ಡ್ ಎಂದು ಬಂದರೆ ಮೆಮೊರಿ ಸಾಲದೆ ಆದದ್ದು. ಕಂಪೈಲರಿನ ಎಲ್‌ಎಲ್‌ವಿಎಂ ಭಾಗ ಬಂದಾಗ ಹೀಗಾಗುವುದು ಜಾಸ್ತಿ. ಒಟ್ಟಿಗೆ ಎಷ್ಟು ಕೆಲಸ ನಡೆಯಬೇಕೆಂದು ಹೇಳುವ ಮೈನಸ್ ಜೆ ಮುಂದಿನ ಅಂಕಿ ಕಡಿಮೆ ಮಾಡು, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹೆಚ್ಚಿಸು. ಡಿಸ್ಕಿನಲ್ಲಿ ಒಂದು 20 ಜಿಬಿಯಾದರೂ ಖಾಲಿ ಇರಲಿ. ನಾಲ್ಕು ಸಲ ಬಿಡದೆ ಪ್ರಯತ್ನ ಮಾಡಿ, ಪ್ರತಿ ಸಲ ಎಲ್ಲಿ ನಿಂತಿತು ಎಂದು ಬರೆದಿಟ್ಟೆಯಲ್ಲ, ಅದು ನನಗೆ ತುಂಬ ಖುಷಿಯಾಯಿತು. ನೀನು ಬರೆಯದಿದ್ದರೆ ನಾನು ಇಷ್ಟು ಧೈರ್ಯವಾಗಿ ಉತ್ತರ ಹೇಳಲು ಆಗುತ್ತಿರಲಿಲ್ಲ.

ಪ್ರಶ್ನೆ: ಕೆಲಸ ಮಂಗಳೂರಿನಲ್ಲಿ, ಮೆಷಿನ್ ಮಂಜೇಶ್ವರದ ಮನೆಯಲ್ಲಿ. ಅಲ್ಲಿ ಅಮ್ಮ ಒಬ್ಬರೇ. ದೂರದಿಂದಲೇ 14ಕ್ಕೆ ಏರಿಸಿದೆ, ಸರಿಯಾಗಿದೆ. ಝಡ್‌ಪೂಲ್ ಸ್ಟೇಟಸ್ ನೋಡಿದರೆ ಕೆಲವು ಫೀಚರ್ ಆನ್ ಆಗಿಲ್ಲ, ಪೂಲ್ (ಝಡ್‌ಎಫ್‌ಎಸ್ ಡಿಸ್ಕುಗಳ ಗುಂಪು) ಅಪ್‌ಗ್ರೇಡ್ ಮಾಡಬಹುದು ಎನ್ನುತ್ತದೆ. ಡಿಲೀಟ್-ಓಲ್ಡ್-ಲಿಬ್ಸ್ ಕೂಡ ಬಾಕಿ ಇದೆ. ಎರಡನ್ನೂ ಇವತ್ತೇ ಮುಗಿಸಲಾ?

ಉತ್ತರ: ಎರಡೂ ಇವತ್ತು ಬೇಡ.

ಪೂಲ್ ಅಪ್‌ಗ್ರೇಡ್ ಮಾಡಿದರೆ ಹಿಂದಕ್ಕೆ ಬರುವುದಿಲ್ಲ. ಹೊಸ ಫೀಚರ್ ಬಳಕೆಗೆ ಬಂದ ಮೇಲೆ ಹಳೆಯ 13ರ ಬೂಟ್ ಎನ್ವಿರಾನ್‌ಮೆಂಟ್ ಇದ್ದರೂ ಅದಕ್ಕೆ ಪೂಲ್ ತೆರೆಯಲು ಆಗದಿರಬಹುದು. ಇನ್ನೂ ದೊಡ್ಡ ಅಪಾಯ, ಕರ್ನಲನ್ನು ಎಬ್ಬಿಸುವ ಬೂಟ್ ಲೋಡರಿನದ್ದು. ಅದು ಡಿಸ್ಕಿನ ಬೇರೆ ಪಾರ್ಟಿಷನ್ನಿನಲ್ಲಿ ಇರುತ್ತದೆ. ಇನ್‌ಸ್ಟಾಲ್‌ವರ್ಲ್ಡ್ ಅಲ್ಲಿಗೆ ಹೋಗುವುದಿಲ್ಲ. ಹಳೆಯ ಲೋಡರ್‌ಗೆ ಹೊಸ ಪೂಲ್ ಓದಲು ಬರದಿದ್ದರೆ ಮೆಷಿನ್ ಏಳುವುದೇ ಇಲ್ಲ, ಆಗ ಅಮ್ಮನಿಗೆ ಫೋನಿನಲ್ಲಿ ಪೆನ್‌ಡ್ರೈವ್ ಹಾಕುವುದು ಹೇಳಿಕೊಡಬೇಕಾಗುತ್ತದೆ. ಒಂದೆರಡು ತಿಂಗಳು ಹಾಗೇ ಓಡಲಿ. ಆಮೇಲೆ ಊರಿಗೆ ಬಂದಾಗ, ಎದುರು ಕೂತು, ಮೊದಲು ಲೋಡರ್ ಹೊಸದು ಮಾಡಿ. ಮೆಷಿನ್ ಬೂಟ್ ಆಗುವ ಕ್ರಮ ಯುಇಎಫ್‌ಐ ಆದರೆ ಇಎಫ್‌ಐ ಪಾರ್ಟಿಷನ್ನಿಗೆ ಲೋಡರ್ ಡಾಟ್ ಇಎಫ್‌ಐ ಕಾಪಿ ಮಾಡುವುದು, ಹಳೆಯ ಬಯೋಸ್ ಆದರೆ ಜಿಪಾರ್ಟ್ ಬೂಟ್‌ಕೋಡ್. ಪೂಲ್ ಅದಾದ ಮೇಲೆ.

ಡಿಲೀಟ್-ಓಲ್ಡ್-ಲಿಬ್ಸ್ ಹಳೆಯ ಲೈಬ್ರರಿಗಳನ್ನು ತೆಗೆಯುತ್ತದೆ. 13ರ ಕಾಲದ ಪ್ಯಾಕೇಜುಗಳು ಇನ್ನೂ ಅವನ್ನೇ ಹಿಡಿದುಕೊಂಡಿರುತ್ತವೆ. ಮೊದಲು ಪಿಕೆಜಿ-ಸ್ಟ್ಯಾಟಿಕ್ ಅಪ್‌ಗ್ರೇಡ್ ಮೈನಸ್ ಎಫ್ ಕೊಟ್ಟು ಎಲ್ಲ ಪ್ಯಾಕೇಜನ್ನೂ 14ರದ್ದು ಮಾಡಿಕೊಳ್ಳಿ. ಮಾಮೂಲಿ ಪಿಕೆಜಿ ಓಡದಿದ್ದರೂ ಸ್ಟ್ಯಾಟಿಕ್ ಓಡುತ್ತದೆ, ಅದಕ್ಕೆ ಹೊರಗಿನ ಲೈಬ್ರರಿ ಬೇಡ. ಪೋರ್ಟ್ಸ್ ಬಳಸುವವರಾದರೆ, ಅಂದರೆ ಪ್ಯಾಕೇಜುಗಳನ್ನೂ ಸೋರ್ಸ್‌ನಿಂದ ಕಟ್ಟುವವರಾದರೆ, ಅದನ್ನು ಇಳಿಸುತ್ತಿದ್ದ ಪೋರ್ಟ್‌ಸ್ನ್ಯಾಪ್ 14ರಲ್ಲಿ ಇಲ್ಲ, ಹುಡುಕಬೇಡಿ, ಗಿಟ್‌ನಿಂದ ಇಳಿಸಿಕೊಳ್ಳಿ.

ಮುಂದಿನ ಸಲ ದೂರದಿಂದ ಮಾಡುವಾಗ ಎರಡು ಕೆಲಸ ತಪ್ಪದೆ ಮಾಡಿ. ಕೆಲಸವನ್ನೆಲ್ಲ ಟಿಮಕ್ಸ್ ಎಂಬ ಪ್ರೋಗ್ರಾಮಿನ ಒಳಗೆ ನಡೆಸಿ, ನೆಟ್ ಕಡಿದರೂ ಅದು ಅಲ್ಲಿ ಓಡುತ್ತಿರುತ್ತದೆ. ಹೊಸ ಬೂಟ್ ಎನ್ವಿರಾನ್‌ಮೆಂಟನ್ನು ಬಿಇಸಿಟಿಎಲ್ ಆಕ್ಟಿವೇಟ್ ಮೈನಸ್ ಟಿ ಎಂದು ಒಂದೇ ಬೂಟಿಗೆ ಮಾತ್ರ ಆನ್ ಮಾಡಿ. ಅದು ಏಳದಿದ್ದರೆ, ಅಮ್ಮನಿಗೆ ಸ್ವಿಚ್ ಆಫ್ ಮಾಡಿ ಆನ್ ಮಾಡಲು ಹೇಳಿ. ಹಳೆಯದು ತಾನಾಗಿ ಬರುತ್ತದೆ.